ಬೆಂಗಳೂರಿನಲ್ಲಿ ಮಾತಾಡೋಣ

ಇಂಗ್ಲಿಷಿನಲ್ಲಿ ಬಂದಿದ್ದ ಆ ಮೆಸೇಜಿನ ಅರ್ಥ ಇಷ್ಟೇ: ‘ಬೆಂಗಳೂರಿನಲ್ಲಿ ಮಾತಾಡೋಣ.’ ಹಿಂದೆ ಮುಂದೆ ಏನೂ ಇಲ್ಲ. ಒಂದು ಸ್ಮೈಲಿಯೂ ಇಲ್ಲ. ಕಳಿಸಿದ್ದು ಜರ್ಮನಿಯ ಲೈಪ್‌ಜಿಗ್‌ನಲ್ಲಿರುವ ನಮ್ಮ ಟೀಮ್ ಲೀಡ್. ಓದಿದ್ದು ಹಾಸನದ ಪಿ.ಜಿ.ಯಲ್ಲಿ, ಮೂರು ಮಂಚದ ಕೋಣೆಯ ಕಿಟಕಿ ಪಕ್ಕದ ಮಂಚದ ಮೇಲೆ ಕೂತಿದ್ದ ನಾನು. ಆಗ ಅಕ್ಟೋಬರ್ ಮುಗಿಯುತ್ತಿತ್ತು. ಟೀಮಿನವರೆಲ್ಲ ಬೆಂಗಳೂರಿನಲ್ಲಿ ಸೇರುವುದು ಫೆಬ್ರುವರಿ ಎರಡನೇ ವಾರ ಎಂದು ನಿಗದಿಯಾಗಿತ್ತು. ಮೂರೂವರೆ ತಿಂಗಳು ನಾನು ಆ ಒಂದು ಸಾಲನ್ನು ತಲೆಯಲ್ಲಿಟ್ಟುಕೊಂಡೇ ಇಂಟರ್ನಲ್ಸ್ ಬರೆದೆ, ಸೆಮ್ ಎಕ್ಸಾಮ್ ಬರೆದೆ, ಅಕ್ಕನ ಮದುವೆಯಲ್ಲಿ ಆರತಿ ತಟ್ಟೆ ಹಿಡಿದು ನಿಂತೆ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ನಾಲ್ಕನೇ ಸೆಮ್ ಮುಗಿದ ರಜೆಯಲ್ಲಿ ಸೀನಿಯರ್ ಒಬ್ಬರ ಮೂಲಕ ಸಿಕ್ಕ ರಿಮೋಟ್ ಇಂಟರ್ನ್‌ಶಿಪ್ ಇದು. ಸಣ್ಣ ಕಂಪನಿ, ಆಫೀಸೇ ಇಲ್ಲ. ಒಟ್ಟು ಒಂಬತ್ತು ಜನ: ಜರ್ಮನಿಯಲ್ಲಿ ಮೂವರು, ಭಾರತದಲ್ಲಿ ಮೂವರು, ಪೋಲೆಂಡ್, ಕೆನ್ಯಾ, ಬ್ರೆಜಿಲ್‌ಗಳಲ್ಲಿ ಒಬ್ಬೊಬ್ಬರು. ಕ್ಲಿನಿಕ್, ಫಿಸಿಯೊಥೆರಪಿ ಸೆಂಟರ್‌ಗಳಲ್ಲಿ ಅಪಾಯಿಂಟ್‌ಮೆಂಟ್ ಬುಕ್ ಮಾಡುವ ಸಾಫ್ಟ್‌ವೇರ್ ನಮ್ಮದು. ದಿನಾ ಸಂಜೆ ಒಂದು ವಿಡಿಯೊ ಕಾಲ್, ಅದರಲ್ಲೂ ಅರ್ಧ ಜನರ ಕ್ಯಾಮೆರಾ ಆಫ್. ಉಳಿದಿದ್ದೆಲ್ಲ ಟೈಪಿಂಗ್. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡಿ, ಕಾಮೆಂಟ್ ಹಾಕಿ, ಒಪ್ಪಿದ ಮೇಲೆಯೇ ಅದು ಮುಖ್ಯ ಕೋಡ್‌ಗೆ ಸೇರುತ್ತದೆ. ನನ್ನ ಕೋಡ್ ನೋಡುತ್ತಿದ್ದವರು ಇದೇ ಲೀಡ್. ಅವರ ಕಾಮೆಂಟ್‌ಗಳು ಹೀಗಿರುತ್ತಿದ್ದವು: ‘ಏಕೆ?’ ‘ಬೇಡ.’ ‘ಇದು ತಪ್ಪು.’ ಒಮ್ಮೆಯಂತೂ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ನಮ್ಮ ಕಾಲೇಜಿನ ಅತಿ ಸಿಡುಕಿನ ಮೇಷ್ಟ್ರು ಕೂಡ ‘ಏನಮ್ಮಾ ಇದು’ ಎಂದಾದರೂ ಕೇಳುತ್ತಾರೆ. ಕಾಲ್‌ನಲ್ಲಿ ನಾನು ಮಾತಾಡಿದರೆ ಅವರಿಂದ ಉತ್ತರವೇ ಬರುತ್ತಿರಲಿಲ್ಲ. ಇವರಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂದು ಎರಡನೇ ತಿಂಗಳಿಗೇ ತೀರ್ಮಾನಿಸಿದ್ದೆ.

ಆಗಸ್ಟ್‌ನಲ್ಲಿ ಒಂದು ಕೆಲಸ ಬಂತು. ಅಪಾಯಿಂಟ್‌ಮೆಂಟ್‌ನ ಹಿಂದಿನ ದಿನ ರೋಗಿಗಳಿಗೆ ಎಸ್ಎಂಎಸ್ ಹೋಗಬೇಕು, ಅದರಲ್ಲಿ ಸಮಯ ಇರಬೇಕು. ಡೇಟಾಬೇಸ್‌ನಲ್ಲಿ ಸಮಯ ಇರುವುದು ಯುಟಿಸಿಯಲ್ಲಿ, ಅಂದರೆ ಎಲ್ಲ ದೇಶಗಳಿಗೂ ಸಾಮಾನ್ಯವಾದ ಒಂದು ಗಡಿಯಾರದಲ್ಲಿ. ಭಾರತದ ಸಮಯ ಬೇಕೆಂದರೆ ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಜರ್ಮನಿಗೆ? ಗೂಗಲ್ ಮಾಡಿದೆ, ಎರಡು ಗಂಟೆ ಎಂದು ತೋರಿಸಿತು. ಎರಡು ಕೂಡಿಸಿ ಬರೆದುಬಿಟ್ಟೆ. ಲೀಡ್ ಕಾಮೆಂಟ್ ಹಾಕಿದರು: ‘ಡಿಎಸ್‌ಟಿ ನೋಡಿದ್ದೀಯಾ? ಖಚಿತವಾ?’ ನಾನು ಉತ್ತರ ಬರೆದೆ: ‘ಯೆಸ್ ಸರ್.’

ಡಿಎಸ್‌ಟಿ ಅಂದರೆ ಏನೆಂದೇ ನನಗೆ ಗೊತ್ತಿರಲಿಲ್ಲ. ಕೇಳಲು ನಾಚಿಕೆ. ರಾತ್ರಿ ನೋಡಿಕೊಂಡರಾಯಿತು ಅಂದುಕೊಂಡೆ. ರಾತ್ರಿ ರೂಮ್‌ಮೇಟ್ ಹುಟ್ಟುಹಬ್ಬದ ಕೇಕ್ ಬಂತು, ಮರೆತೇಹೋಯಿತು.

ಡಿಎಸ್‌ಟಿ ಎಂದರೆ ಡೇಲೈಟ್ ಸೇವಿಂಗ್ ಟೈಮ್. ಬೇಸಿಗೆಯಲ್ಲಿ ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಗಲಿ ಎಂದು ಯುರೋಪಿನಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಮತ್ತೆ ಹಿಂದಕ್ಕೆ. ಇದನ್ನು ನಿಲ್ಲಿಸೋಣವೆಂದು ಯುರೋಪಿನ ಪಾರ್ಲಿಮೆಂಟ್ 2019ರಲ್ಲೇ ಮತ ಹಾಕಿದರೂ ಇನ್ನೂ ನಿಂತಿಲ್ಲ. ಬ್ರೆಜಿಲ್ ಮಾತ್ರ ಅದೇ ವರ್ಷ ನಿಲ್ಲಿಸಿಯೇಬಿಟ್ಟಿತು. ನಮ್ಮಲ್ಲಿ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷರು ಒಂದಷ್ಟು ಕಾಲ ಗಡಿಯಾರ ಮುಂದೆ ಓಡಿಸಿದ್ದುಂಟು, ಆದರೆ ಈಗ ಈ ರೂಢಿ ಇಲ್ಲ. ಹಾಗಾಗಿ ನನ್ನಂಥವಳಿಗೆ ಜರ್ಮನಿಯ ‘ಎರಡು ಗಂಟೆ’ ಚಳಿಗಾಲದಲ್ಲಿ ‘ಒಂದು ಗಂಟೆ’ ಆಗುತ್ತದೆ ಎಂದು ಹೊಳೆಯುವುದಾದರೂ ಹೇಗೆ? ಕೋಡ್‌ನಲ್ಲಿ ಇದಕ್ಕೆ ಸಿದ್ಧ ಪರಿಹಾರವಿದೆ. ಯಾವ ದೇಶದ ಗಡಿಯಾರ ಯಾವಾಗ ಎಷ್ಟು ತಿರುಗುತ್ತದೆ ಎಂಬ ಲೆಕ್ಕವನ್ನೆಲ್ಲ ಇಟ್ಟುಕೊಂಡ ಒಂದು ಟೈಮ್ ಝೋನ್ ಡೇಟಾಬೇಸ್ ನಮ್ಮ ಫೋನ್‌ಗಳಲ್ಲೂ ಇದೆ. ಅದರಲ್ಲಿ ನಮ್ಮ ಹೆಸರು ‘ಏಷ್ಯಾ/ಕೋಲ್ಕತ್ತಾ’, ಜರ್ಮನಿಯದು ‘ಯುರೋಪ್/ಬರ್ಲಿನ್’. ‘ಎರಡು ಕೂಡಿಸು’ ಎನ್ನುವ ಬದಲು ‘ಬರ್ಲಿನ್ ಸಮಯ ಕೊಡು’ ಎಂದು ಬರೆದಿದ್ದರೆ ಮುಗಿದಿತ್ತು. ಒಂದೇ ಸಾಲು.

ಅಕ್ಟೋಬರ್ ಕೊನೆಯ ಭಾನುವಾರ ಕಳೆದು ಸೋಮವಾರ ಬಂತು. ಸಂಜೆ ಐದಕ್ಕೆ ಅಭ್ಯಾಸಬಲದಿಂದ ಕಾಲ್‌ಗೆ ಸೇರಿದೆ. ಯಾರೂ ಇಲ್ಲ. ಯುರೋಪಿನಲ್ಲಿ ಹಬ್ಬವೋ ಏನೋ ಎಂದುಕೊಂಡು ಹತ್ತು ನಿಮಿಷ ಒಬ್ಬಳೇ ಕಾದೆ. ಅವರ ಗಡಿಯಾರ ಹಿಂದೆ ಹೋಗಿದ್ದರಿಂದ ನಮಗೆ ಕಾಲ್ ಆರು ಗಂಟೆಗೆ ಬದಲಾಗಿತ್ತು. ಮಧ್ಯಾಹ್ನವೆಲ್ಲ ಲ್ಯಾಬ್‌ನಲ್ಲಿದ್ದು ನೋಡದೇ ಬಿಟ್ಟಿದ್ದ ಗ್ರೂಪ್ ತೆರೆದರೆ ಎಪ್ಪತ್ತಕ್ಕೂ ಹೆಚ್ಚು ಮೆಸೇಜು. ಬೆಳಿಗ್ಗೆ ಒಂಬತ್ತಕ್ಕೆ ಬರಬೇಕಾದ ರೋಗಿಗಳಿಗೆ ಹತ್ತು ಗಂಟೆ ಎಂದು ಎಸ್ಎಂಎಸ್ ಹೋಗಿತ್ತು. ನಾಲ್ಕು ಸೆಂಟರ್‌ಗಳಲ್ಲಿ ಜನ ಒಂದೊಂದು ಗಂಟೆ ತಡವಾಗಿ ಬಂದಿದ್ದರು. ಮಂಡಿ ಆಪರೇಷನ್ ಆದ ಮೇಲೆ ಮೊದಲ ಸಲ ಫಿಸಿಯೊಥೆರಪಿಗೆ ಟ್ಯಾಕ್ಸಿ ಮಾಡಿಕೊಂಡು ಬಂದಿದ್ದ ಅಜ್ಜಿಯೊಬ್ಬರು ಹಾಗೇ ವಾಪಸು ಹೋಗಿದ್ದರು. ನಮ್ಮಜ್ಜಿಗೂ ಮಂಡಿ ನೋವು. ಆ ರಾತ್ರಿ ಊಟ ಸೇರಲಿಲ್ಲ.

ಇಂಥ ಎಡವಟ್ಟಾದಾಗ ಕಂಪನಿಗಳಲ್ಲಿ ಏನಾಯಿತು, ಏಕಾಯಿತು ಎಂದು ಒಂದು ವರದಿ ಬರೆಯುತ್ತಾರೆ. ‘ಪೋಸ್ಟ್‌ಮಾರ್ಟಮ್’ ಎಂದೇ ಅದರ ಹೆಸರು. ಯಾರು ಮಾಡಿದರು ಎಂದು ಬರೆಯುವುದಿಲ್ಲ. ನಮ್ಮ ವರದಿಯಲ್ಲೂ ನನ್ನ ಹೆಸರು ಎಲ್ಲೂ ಇರಲಿಲ್ಲ, ಯಾರೂ ಬೈಯಲೂ ಇಲ್ಲ. ಅದೇ ನನಗೆ ಇನ್ನಷ್ಟು ಭಯ ಹುಟ್ಟಿಸಿತು. ಬೈದರೆ ಅಲ್ಲಿಗೆ ಮುಗಿಯಿತು. ಬೈಯದೆ ಸುಮ್ಮನಿದ್ದಾರೆ ಎಂದರೆ ಏನೋ ದೊಡ್ಡದೇ ಕಾದಿದೆ ಎಂದು ಶಾಲೆಯಿಂದಲೂ ಕಲಿತವರಲ್ಲವೇ ನಾವು? ಮೂರು ಸಲ ‘ಸಾರಿ ಸರ್’ ಎಂದು ಸೇರಿಸಿ ಲೀಡ್‌ಗೆ ಉದ್ದದ ಮೆಸೇಜು ಬರೆದೆ. ಬಂದ ಉತ್ತರವೇ ಆ ಒಂದು ಸಾಲು.

ಬೆಂಗಳೂರೇ ಏಕೆ ಎಂದು ಆಮೇಲೆ ತಿಳಿಯಿತು. ನಾವು ಜರ್ಮನಿಗೆ ಹೋಗಬೇಕಾದರೆ ಷೆಂಗೆನ್ ವೀಸಾ ಬೇಕು. ಅದಕ್ಕೆ 90 ಯುರೋ ಫೀಸು, ಬೆರಳಚ್ಚು, ಬ್ಯಾಂಕ್ ಸ್ಟೇಟ್‌ಮೆಂಟ್, ಕನಿಷ್ಠ 30,000 ಯುರೋ ಮೊತ್ತದ ಮೆಡಿಕಲ್ ಇನ್ಶೂರೆನ್ಸ್. ಇಷ್ಟಾದರೂ ಸಿಕ್ಕೇ ಸಿಗುತ್ತದೆ ಎಂದಿಲ್ಲ. ಅವರೆಲ್ಲ ನಮ್ಮಲ್ಲಿಗೆ ಬರಲು ಆನ್‌ಲೈನ್‌ನಲ್ಲೇ ಇ–ವೀಸಾ ಪಡೆಯಬಹುದು. ಕೆನ್ಯಾದವನಿಗೂ ನಮ್ಮ ಹಾಗೆಯೇ ಷೆಂಗೆನ್ ವೀಸಾದ ಗೋಳು. ನನ್ನ ಬಳಿಯಂತೂ ಪಾಸ್‌ಪೋರ್ಟೇ ಇರಲಿಲ್ಲ. ಹಾಗಾಗಿ ಎಲ್ಲರಿಗೂ ಬೆಂಗಳೂರೇ ಸುಲಭ.

ನನಗೆ ಬೆಂಗಳೂರು ತಲುಪುವುದೇ ಕಷ್ಟವಾಯಿತು. ‘ಫಾರಿನ್ನವ್ರ ಜೊತೆ ಐದ್ ದಿನ ಹೋಟ್ಲಲ್ಲಾ? ನೀನೇನೂ ಹೋಗ್ಬೇಡ’ ಎಂದರು ಅಮ್ಮ, ಅರಸೀಕೆರೆಯಿಂದ ಫೋನಿನಲ್ಲಿ. ವಿಜಯನಗರದ ಚಿಕ್ಕಪ್ಪನ ಮನೆಯಲ್ಲಿ ಉಳಿದು ದಿನಾ ಮೆಟ್ರೊದಲ್ಲಿ ಇಂದಿರಾನಗರಕ್ಕೆ ಹೋಗಿಬರುವುದು ಎಂಬ ಒಪ್ಪಂದಕ್ಕೆ ಬರಲು ವಾರ ಹಿಡಿಯಿತು. ಅಟೆಂಡೆನ್ಸ್ 85 ಪರ್ಸೆಂಟ್ ಕಡಿಮೆ ಆಗುವಂತಿಲ್ಲ. ಎಚ್ಒಡಿ ಮೇಡಂ ಪತ್ರ ಓದಿ ‘ವಾಪಸ್ ಬಂದು ಕ್ಲಾಸಿಗೆ ಸೆಮಿನಾರ್ ಕೊಡು’ ಎಂಬ ಷರತ್ತಿನ ಮೇಲೆ ಸಹಿ ಹಾಕಿದರು.

ಮೊದಲ ದಿನ ಬಾಗಿಲಲ್ಲೇ ಗೊಂದಲ. ಎಂಟು ತಿಂಗಳು ದಿನಾ ಕಂಡ ಮುಖಗಳು, ಆದರೆ ಯಾರದೂ ಎತ್ತರ ಗೊತ್ತಿಲ್ಲ! ದೊಡ್ಡ ಆಳು ಎಂದುಕೊಂಡಿದ್ದ ನೈರೋಬಿಯವನು ನನ್ನ ಭುಜದಷ್ಟಿದ್ದ. ಧಾರವಾಡದ ಅಕ್ಕ (ಟೀಮಿನ ಮೂವರು ಭಾರತೀಯರಲ್ಲಿ ಒಬ್ಬರು, ಇನ್ನೊಬ್ಬ ಪುಣೆಯವನು) ಸ್ಕ್ರೀನ್‌ನಲ್ಲಿ ಗಂಭೀರ, ಎದುರಿಗೆ ಬಾಯಿ ತುಂಬ ಮಾತು. ಟೀ ಬಂದಾಗ ನೈರೋಬಿಯವನು ‘ಚಾಯ್’ ಎಂದ, ಮಧ್ಯಾಹ್ನ ‘ಚಪಾತಿ’ ಎಂದ. ನಮ್ಮನ್ನು ಖುಷಿಪಡಿಸಲು ಕಲಿತು ಬಂದಿದ್ದಾನೆ ಎಂದುಕೊಂಡೆವು. ಅಲ್ಲವಂತೆ, ಸ್ವಾಹಿಲಿಯಲ್ಲೂ ಅದು ಚಾಯ್, ಚಪಾತಿಯೇ. ಸಮೋಸ ‘ಸಂಬೂಸ’. ಲೀಡ್ ಮಾತ್ರ ಕೈಕುಲುಕಿ, ಅರ್ಧ ನಕ್ಕು, ಮೇಜಿನ ತುದಿಯ ಕುರ್ಚಿಗೆ ಹೋಗಿ ಕುಳಿತರು. ನನ್ನ ಎದೆ ಡವಡವ ಎನ್ನುತ್ತಿತ್ತು. ಅಕ್ಕ ಕಿವಿಯಲ್ಲಿ ಹೇಳಿದರು: ‘ಯಾಕ ಅಷ್ಟು ಅಂಜ್ತಿ? ಅವ ನಿನ್ನ ತಿನ್ನಂಗಿಲ್ಲ.’

ಎರಡನೇ ದಿನ ನಡೆದ ಒಂದು ಸಣ್ಣ ಸಂಗತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬ್ರೆಜಿಲ್‌ನವರು ಪುಟ್ಟ ಮಗುವನ್ನು ಬಿಟ್ಟು ಬರಲಾಗದೆ ವಿಡಿಯೊದಲ್ಲೇ ಸೇರಿದ್ದರು. ನಮಗೆ ಮಧ್ಯಾಹ್ನ ಮೂರೂವರೆ, ಅವರಿಗೆ ಬೆಳಿಗ್ಗೆ ಏಳು. ಕೋಣೆಯಲ್ಲಿ ನಾವು ಎಂಟು ಜನ ಬೋರ್ಡ್ ಮೇಲೆ ಗೀಚುತ್ತಾ, ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡುತ್ತಾ, ನಗುತ್ತಾ ಇದ್ದೆವು. ನೀರು ಕುಡಿಯಲು ತಿರುಗಿದರೆ ಗೋಡೆಯ ಸ್ಕ್ರೀನ್‌ನಲ್ಲಿ ಅವರು ಕೈ ಎತ್ತಿಕೊಂಡೇ ಕೂತಿದ್ದರು. ಎಷ್ಟು ಹೊತ್ತಿನಿಂದಲೋ! ಎಂಟು ತಿಂಗಳು ಸ್ಕ್ರೀನಿನ ಆ ಕಡೆ ಕೂತಿದ್ದ ನಾನೇ ಒಂದೂವರೆ ದಿನದಲ್ಲಿ ಸ್ಕ್ರೀನಿನ ಒಳಗಿದ್ದವರನ್ನು ಮರೆತಿದ್ದೆ. ನಾನು ಹೇಳಿದ ಮೇಲೆ ಎಲ್ಲರೂ ಪೆಚ್ಚಾದರು. ಆಮೇಲಿನಿಂದ ಬೋರ್ಡ್ ಬಿಟ್ಟು, ಒಂದೇ ಕೋಣೆಯಲ್ಲಿದ್ದರೂ ಎಲ್ಲರೂ ಅವರವರ ಲ್ಯಾಪ್‌ಟಾಪ್‌ನಲ್ಲೇ ಬರೆದೆವು. ಬೋರ್ಡ್‌ನ ಮಜಾ ಹೋಯಿತು ಎಂದು ಪುಣೆಯವನು ಗೊಣಗಿದ. ಹೋಗಲಿ.

ಅಂದು ರಾತ್ರಿ ಊಟಕ್ಕೆ ಕೂತಾಗ, ಆಫೀಸು ಬಾಡಿಗೆ ಉಳಿಸುವ ಕಂಪನಿ ವಿಮಾನಕ್ಕೆ ಇಷ್ಟೊಂದು ದುಡ್ಡು ಏಕೆ ಸುರಿಯುತ್ತದೆ ಎಂದು ಕೇಳಿದೆ. ಪೋಲೆಂಡ್‌ನವರು ನಕ್ಕರು. ವರ್ಡ್‌ಪ್ರೆಸ್.ಕಾಮ್ ನಡೆಸುವ ಆಟೊಮ್ಯಾಟಿಕ್ ಕಂಪನಿಯವರು ಬೇರೆ ಬೇರೆ ದೇಶಗಳಲ್ಲಿ ಮನೆಯಿಂದಲೇ ಕೆಲಸ ಮಾಡಿದರೂ ‘ಗ್ರ್ಯಾಂಡ್ ಮೀಟಪ್’ ಎಂದು ಎಲ್ಲರನ್ನೂ ಒಂದೆಡೆ ಸೇರಿಸುವ ರೂಢಿ ಇಟ್ಟುಕೊಂಡವರು. ಸಂಬಳವಿಲ್ಲದೆ ಸ್ವಯಂಸೇವಕರೇ ಕಟ್ಟುವ ಡೆಬಿಯನ್ ಆಪರೇಟಿಂಗ್ ಸಿಸ್ಟಮ್‌ನವರು 2000ದಿಂದ ‘ಡೆಬ್‌ಕಾನ್ಫ್’ ನಡೆಸುತ್ತಿದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಅದು ಮೊದಲ ಬಾರಿಗೆ ಭಾರತಕ್ಕೆ, ಕೊಚ್ಚಿಗೆ ಬಂದಿತ್ತು. ಅಲ್ಲಿ ತಮ್ಮ ತಮ್ಮ ಊರಿನ ತಿನಿಸು ತಂದು ಹಂಚುವ ಸಂಜೆಯೂ ಇರುತ್ತದೆ, ಒಬ್ಬರ ಪಾಸ್‌ಪೋರ್ಟ್ ಇನ್ನೊಬ್ಬರು ನೋಡಿ ಡಿಜಿಟಲ್ ಕೀಗೆ ಸಹಿ ಹಾಕುವ ಕಾರ್ಯಕ್ರಮವೂ ಇರುತ್ತದೆ. ಇಂಟರ್‌ನೆಟ್‌ನಲ್ಲಿ ಈ ಹೆಸರಿನಲ್ಲಿ ಕೋಡ್ ಕಳಿಸುವವನು ನಿಜವಾಗಿಯೂ ಈ ಮನುಷ್ಯನೇ ಎಂಬ ಗುರುತು ಅದು.

ಆಮೇಲೆ ಅವರು ಹೇಳಿದ್ದು ಎಕ್ಸ್‌ಝಡ್ ಕಥೆ. ಕಂಪ್ಯೂಟರ್ ಓದುವವರು ಕೇಳಿರುತ್ತೀರಿ. ಎಕ್ಸ್‌ಝಡ್ ಎಂಬುದು ಫೈಲ್‌ಗಳನ್ನು ಕುಗ್ಗಿಸುವ ಪುಟ್ಟ ಸಾಫ್ಟ್‌ವೇರ್, ಲಿನಕ್ಸ್ ಇರುವ ಕಡೆಯೆಲ್ಲ ಇರುತ್ತದೆ. ವರ್ಷಗಟ್ಟಲೆ ಅದನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. 2021ರಲ್ಲಿ ‘ಜಿಯಾ ಟ್ಯಾನ್’ ಎಂಬ ಹೆಸರಿನಲ್ಲಿ ಯಾರೋ ಸಹಾಯಕ್ಕೆ ಬಂದರು. ವಿನಯದ ಮೆಸೇಜು, ಅಚ್ಚುಕಟ್ಟಾದ ಕೆಲಸ. ನಿಧಾನವಾಗಿ ಜವಾಬ್ದಾರಿ ಅವರ ಕೈಗೆ ಬಂತು. 2024ರ ಫೆಬ್ರುವರಿಯ ಆವೃತ್ತಿಯಲ್ಲಿ ಬೇರೆಯವರ ಸರ್ವರ್‌ಗಳಿಗೆ ನುಗ್ಗಲು ಒಂದು ಕಳ್ಳಬಾಗಿಲು ಸೇರಿಕೊಂಡಿತ್ತು. ಮೈಕ್ರೊಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ತಮ್ಮ ಕಂಪ್ಯೂಟರಿನಲ್ಲಿ ಲಾಗಿನ್ ಅರ್ಧ ಸೆಕೆಂಡ್ ನಿಧಾನವಾಗಿದೆ ಎಂದು ಹುಡುಕಿಕೊಂಡು ಹೋಗಿ ಮಾರ್ಚ್ 29ರಂದು ಅದನ್ನು ಬಯಲು ಮಾಡಿದರು. ಜಿಯಾ ಟ್ಯಾನ್ ಎಂದರೆ ಯಾರೆಂದು ಲೋಕಕ್ಕೆ ಗೊತ್ತೇ ಆಗಲಿಲ್ಲ. ಎದುರೆದುರು ಕಂಡಿದ್ದರೆ ಮೋಸ ತಪ್ಪುತ್ತಿತ್ತು ಎಂದು ಹೇಳಲಾಗದು. ಮುಖ ನೋಡಿ ಮೋಸ ಹೋದವರು ನಮ್ಮೂರಿನ ಚೀಟಿ ವ್ಯವಹಾರದಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಹೊಳೆದದ್ದು ಬೇರೆ. ಎಷ್ಟು ನಯವಾಗಿ ಬರೆಯುತ್ತಿದ್ದ ಆ ಜಿಯಾ ಟ್ಯಾನ್! ನಮ್ಮ ಲೀಡ್ ಎಷ್ಟು ಒರಟು! ಬರೀ ಅಕ್ಷರ ನೋಡಿ ಒಬ್ಬರನ್ನು ಒಳ್ಳೆಯವರೆಂದೂ ಇನ್ನೊಬ್ಬರನ್ನು ಕೆಟ್ಟವರೆಂದೂ ತೀರ್ಮಾನಿಸಬಹುದೇ?

ಮೂರನೇ ದಿನ ಬೆಳಿಗ್ಗೆ ಎಲ್ಲರೂ ಕಬ್ಬನ್ ಪಾರ್ಕ್‌ನಲ್ಲಿ ನಡೆಯುವುದೆಂದಾಯಿತು. ಹೈಕೋರ್ಟಿನ ಕೆಂಪು ಕಟ್ಟಡ ಕಾಣುವಲ್ಲಿ ಲೀಡ್ ನನ್ನ ಪಕ್ಕ ಬಂದರು. ಬಂತಪ್ಪಾ ಅಂದುಕೊಂಡೆ. ಅವರು ಮೊದಲು ಹೇಳಿದ್ದು, ‘ಈ ಕಡೆ ಬರ್ತೀಯಾ? ನನ್ನ ಎಡಗಿವಿ ಕೇಳಿಸುವುದಿಲ್ಲ.’

ಚಿಕ್ಕಂದಿನಿಂದಲೂ ಹಾಗೇ ಅಂತೆ. ಅದಕ್ಕೇ ಮೇಜಿನ ತುದಿಯ ಆ ಕುರ್ಚಿ. ಒಂಬತ್ತು ಜನರ, ಆರು ಬಗೆಯ ಇಂಗ್ಲಿಷ್ ಇರುವ ಕಾಲ್‌ನಲ್ಲಿ ಅವರಿಗೆ ಮಾತು ಹಿಡಿಯುವುದು ಕಷ್ಟ. ನನ್ನದಂತೂ ವೇಗದ ಮಾತು, ಮೇಲೆ ಪಿ.ಜಿ.ಯ ಫ್ಯಾನಿನ ಸದ್ದು. ಅದಕ್ಕೇ ಅವರು ಉತ್ತರಿಸುತ್ತಿರಲಿಲ್ಲ, ಆಮೇಲೆ ಟೈಪ್ ಮಾಡುತ್ತಿದ್ದರು. ಟೈಪ್ ಮಾಡಿದ್ದು ಅಷ್ಟು ಚಿಕ್ಕದೇಕೆ? ಉದ್ದ ಬರೆದರೆ ಇಂಗ್ಲಿಷಿನಲ್ಲಿ ತಪ್ಪಾಗುತ್ತದೆಂಬ ಭಯ! ನಾನು ನಿಂತೇಬಿಟ್ಟೆ. ಆ ಭಯ ನನ್ನೊಬ್ಬಳದು ಎಂದುಕೊಂಡಿದ್ದೆ.

ಬೆಂಗಳೂರಿನಲ್ಲಿ ಮಾತಾಡೋಣ ಎಂದದ್ದು ಏಕೆ ಎಂದು ಕೊನೆಗೂ ಕೇಳಿದೆ. ಅವರಿಗೆ ನೆನಪಾಗಲು ಒಂದು ಕ್ಷಣ ಬೇಕಾಯಿತು. ಮೂರೂವರೆ ತಿಂಗಳು ನಾನು ಹೊತ್ತುಕೊಂಡಿದ್ದ ಸಾಲು ಅವರಿಗೆ ನೆನಪೇ ಇರಲಿಲ್ಲ! ನೆನಪಾದ ಮೇಲೆ ಮುಖ ಕೆಂಪಾಯಿತು. ‘ನಿನ್ನ ಯೆಸ್ ನೋಡಿದಾಗ ನನಗೆ ಅನುಮಾನ ಇತ್ತು. ಶುಕ್ರವಾರ ಸಂಜೆ, ಮನೆಗೆ ಹೊರಡಬೇಕಿತ್ತು, ಒಪ್ಪಿಗೆ ಕೊಟ್ಟುಬಿಟ್ಟೆ. ತಪ್ಪು ನನ್ನದೂ ಹೌದು. ಅದನ್ನು ಟೈಪ್ ಮಾಡಿ ಹೇಳುವುದು ಸರಿ ಅನ್ನಿಸಲಿಲ್ಲ’ ಎಂದರು. ಆಮೇಲೆ ಅವರದೇ ಒಂದು ಪ್ರಶ್ನೆ: ‘ನೀನು ದಿನಕ್ಕೆ ಹತ್ತು ಸಲ ಯೆಸ್ ಸರ್ ಎನ್ನುತ್ತೀಯ. ಅದರಲ್ಲಿ ನಿಜವಾದ ಯೆಸ್ ಯಾವುದು?’

ಏನು ಹೇಳಲಿ? ಅಮ್ಮ ಫೋನಿನಲ್ಲಿ ಹೇಳುವುದಕ್ಕೆಲ್ಲ ನಾನು ‘ಹೂಂ’ ಎನ್ನುತ್ತೇನೆ. ಒಪ್ಪಿದೆ ಎಂದಲ್ಲ, ಅರ್ಥವಾಯಿತು ಎಂದೂ ಅಲ್ಲ. ಕೇಳಿಸಿಕೊಳ್ಳುತ್ತಿದ್ದೇನೆ, ನೀನು ಮುಂದುವರಿಸು ಎಂದು. ಕಥೆ ಹೇಳುವ ಅಜ್ಜಿಗೆ ಎದುರು ಕೂತ ಮಕ್ಕಳು ಹೂಂಗುಟ್ಟದಿದ್ದರೆ ಕಥೆಯೇ ಮುಂದೆ ಹೋಗುವುದಿಲ್ಲ. ನನ್ನ ‘ಯೆಸ್ ಸರ್’ಗಳಲ್ಲಿ ಹೆಚ್ಚಿನವು ‘ಹೂಂ’ಗಳು. ಇದನ್ನು ಅರ್ಧಂಬರ್ಧ ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಬಿದಿರುಮೆಳೆಯ ಬಳಿ ನಿಂತು ‘ಹೂಂ’ ಎಂದು ಎರಡು ಮೂರು ಸಲ ಹೇಳಿ ನೋಡಿದರು. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಮ್ಮನ್ನು ವಿಚಿತ್ರವಾಗಿ ನೋಡಿ ಮುಂದೆ ಹೋದರು. ‘ಸರ್’ ಬಿಟ್ಟು ಹೆಸರಿನಿಂದ ಕರೆ ಎಂದೂ ಅವರು ಹೇಳಿದರು. ಇಪ್ಪತ್ತು ವರ್ಷದ ಅಭ್ಯಾಸ, ಇನ್ನೂ ಪೂರ್ತಿ ಬಿಟ್ಟಿಲ್ಲ.

ಐದೂ ದಿನ ಎಲ್ಲವೂ ಚೆನ್ನಾಗಿತ್ತು ಎಂದೇನೂ ಅಲ್ಲ. ಪುಣೆಯವನಿಗೂ ಇನ್ನೊಬ್ಬ ಜರ್ಮನ್‌ಗೂ ಯಾವುದೋ ಲೈಬ್ರರಿ ಬಳಸುವ ವಿಷಯಕ್ಕೆ ಜೋರು ಜಗಳವಾಯಿತು. ಮೂರನೆಯ ಜರ್ಮನ್ ಸ್ಕ್ರೀನ್‌ನಲ್ಲಿ ಎಷ್ಟು ಮೌನಿಯೋ ಎದುರಿಗೂ ಅಷ್ಟೇ ಮೌನಿ.

ಸೆಮಿನಾರ್‌ನಲ್ಲಿ ಗೆಳೆಯರು ಕೇಳಿದ್ದು ಒಂದೇ: ‘ರಿಮೋಟ್ ಕೆಲಸ ಒಳ್ಳೆಯದಾ, ಕ್ಯಾಂಪಸ್ ಪ್ಲೇಸ್‌ಮೆಂಟಾ?’ ನನಗೂ ಗೊಂದಲವಿದೆ. ಏಳನೇ ಸೆಮ್‌ನಲ್ಲಿ ನಾನೂ ಪ್ಲೇಸ್‌ಮೆಂಟ್‌ಗೆ ಕೂರುತ್ತೇನೆ. ಆದರೆ ರಿಮೋಟ್ ಕೆಲಸದ ಇಂಟರ್ವ್ಯೂ ಎದುರಿಸುವವರು ಸಂಬಳದ ಜೊತೆ ಇನ್ನೂ ಎರಡು ಪ್ರಶ್ನೆ ಕೇಳಬೇಕು ಎನ್ನುವುದು ನನ್ನ ಅಭಿಪ್ರಾಯ. ಟೀಮಿನವರು ವರ್ಷದಲ್ಲಿ ಒಮ್ಮೆಯಾದರೂ ಭೇಟಿಯಾಗುತ್ತಾರಾ? ಆ ಖರ್ಚು, ವೀಸಾದ ಪತ್ರ ಯಾರ ಜವಾಬ್ದಾರಿ? ಹಾಗೇ, ಪಾಸ್‌ಪೋರ್ಟ್‌ಗೆ ಈಗಲೇ ಅರ್ಜಿ ಹಾಕಿ. ನನ್ನದು ಪೊಲೀಸ್ ವೆರಿಫಿಕೇಶನ್ ಮುಗಿದಿದೆ.

ಹೋದ ವಾರ ಪೇಮೆಂಟ್ ಭಾಗದ ಕೋಡ್ ಬರೆದು ಕಳಿಸಿದ್ದೆ. ರಾತ್ರಿ ಎಂಟರ ಹೊತ್ತಿಗೆ ಲೀಡ್ ಕಾಮೆಂಟ್ ಬಂತು: ‘ಒಂದೇ ಪೇಮೆಂಟ್ ಎರಡು ಸಲ ಬಂದರೆ? ಖಚಿತವಾ?’ ನಾನು ‘ಯೆಸ್’ ಎಂದು ಬರೆದೆ. ಅರ್ಧ ನಿಮಿಷ ಬಿಟ್ಟು ಇನ್ನೊಂದು ಸಾಲು ಬಂತು: ‘ಯೆಸ್ಸೋ, ಹೂಂ ಆ?’

ನನ್ನ ಕೋಡನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದೆ. ‘ಹೂಂ’ ಎಂದು ಟೈಪ್ ಮಾಡಿದೆ. ತಕ್ಷಣ 'ಕಾಲ್ ಮಾಡಲಾ?' ಎಂದು ಕೇಳಿದರು. ಎದ್ದು ಫ್ಯಾನ್ ಆಫ್ ಮಾಡಿ ಬಂದು ಕೂತೆ.